ಕಡತದಿಂದ ಕಡತಕ್ಕೆ: ಗಡಿನಾಡಿನ ಕನ್ನಡ ಉಪಾಧ್ಯಾಯರ ಪಾಠಸಾಮಗ್ರಿಯ ಚರಿತ್ರೆ

ಸೇಲಂ ಮತ್ತು ಧರ್ಮಪುರಿ ಸೀಮೆಯ ಕನ್ನಡಿಗರ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸುತ್ತಾರೆ. ಅದು ತಕ್ಕುದೇ ಆಗಿದೆ. ತಗಡೂರೆಂಬ ಪ್ರಾಚೀನ ನಾಮವುಳ್ಳ ಧರ್ಮಪುರಿಯಲ್ಲಿ ನೊಳಂಬ ಮಹೇಂದ್ರನ ಕಾಲದ, ಎಂದರೆ ಕ್ರಿಸ್ತಶಕ ಒಂಬತ್ತನೆಯ ಶತಮಾನದ, ಕನ್ನಡ ಶಾಸನ ದೊರೆತಿರುವಾಗ ಈ ನೆಲದೊಡನೆ ನಮ್ಮ ನುಡಿಗಿರುವ ನಂಟಿಗೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಕಲ್ಲಿನ ಮೇಲೆ ಕೊರೆದ ಅಕ್ಷರ ಉಳಿಯುವುದಕ್ಕೆ ಕಲ್ಲೊಂದಿದ್ದರೆ ಸಾಕು. ಮಕ್ಕಳ ನಾಲಗೆಯ ಮೇಲಿನ ಅಕ್ಷರ ಉಳಿಯಬೇಕಾದರೆ ಉಪಾಧ್ಯಾಯರು ಬೇಕು, ಆ ಉಪಾಧ್ಯಾಯರ ಕೈಯಲ್ಲಿ ಪಾಠದ ಉಪಕರಣಗಳು ಬೇಕು. ರಾಜರ ಚರಿತ್ರೆಯನ್ನು ಬರೆದವರು ಹಲವರು. ಉಪಾಧ್ಯಾಯರ ಕೈಯಲ್ಲಿ ಏನಿದ್ದಿತು, ಏನಿರಲಿಲ್ಲ ಎಂಬುದರ ಚರಿತ್ರೆಯನ್ನು ಬರೆದವರು ವಿರಳ. ಇಂದು ಅಂತರ್ಜಾಲದ ಮೂಲಕ ಕಾಸು ಖರ್ಚಿಲ್ಲದೆ ದೊರೆಯುವ ಡಿಜಿಟಲ್ ಪಾಠಸಾಮಗ್ರಿಯು ಗಡಿನಾಡಿನ ಶಾಲೆಯ ಬಾಗಿಲಿಗೂ ಬಂದು ನಿಂತಿರುವುದರಿಂದ, ಆ ಚರಿತ್ರೆಯನ್ನು ಒಮ್ಮೆ ತಿರುವಿ ನೋಡುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ.

ಮೊದಲಿಗೆ ಸೀಮೆಯನ್ನು ಗುರುತಿಸಿಕೊಳ್ಳೋಣ. ಇಲ್ಲಿ ಉದ್ದೇಶಿಸಿರುವುದು ಹಳೆಯ ಸೇಲಂ ಜಿಲ್ಲೆ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನನು ಬಾರಾಮಹಲನ್ನೂ ಸೇಲಂ ಪ್ರಾಂತವನ್ನೂ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟನು. ಕರ್ನಲ್ ಅಲೆಗ್ಸಾಂಡರ್ ರೀಡ್ ಮೊದಲ ಕಲೆಕ್ಟರನಾದನು; ಅವನ ಸಹಾಯಕರಲ್ಲಿ ಒಬ್ಬನಾಗಿ ತಾಮಸ್ ಮನ್ರೋ ಏಳು ವರ್ಷಗಳ ಕಾಲ ಇಲ್ಲಿ ಕೆಲಸಮಾಡಿದನು. ಘಟ್ಟದ ಮೇಲಿನ ಹೊಸೂರು ಸೀಮೆಯು ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಇದಕ್ಕೆ ಸೇರಿತು. ಈ ಜಿಲ್ಲೆಯಿಂದ ೧೯೬೫ರ ಅಕ್ಟೋಬರ್ ೨ರಂದು ಧರ್ಮಪುರಿ ಜಿಲ್ಲೆಯೂ, ಧರ್ಮಪುರಿಯಿಂದ ೨೦೦೪ರ ಫೆಬ್ರವರಿ ೯ರಂದು ಕೃಷ್ಣಗಿರಿ ಜಿಲ್ಲೆಯೂ ಬೇರ್ಪಟ್ಟವು. ಜಿಲ್ಲೆಗಳ ಹೆಸರು ಬದಲಾದರೂ ಮನೆಗಳ ಮಾತು ಬದಲಾಗಲಿಲ್ಲ. ಹೊಸೂರು, ತಳಿ, ದೆಂಕಣಿಕೋಟೆ, ಅಂಚೆಟ್ಟಿಗಳ ಬೇಸಾಯಗಾರರಲ್ಲಿಯೂ ಸೇಲಂ ನಗರದ ದೇವಾಂಗ ನೇಕಾರರಲ್ಲಿಯೂ ಕನ್ನಡವು ಮನೆಮಾತಾಗಿ ಉಳಿದುಬಂದಿದೆ. ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಕೇಳಬಹುದಾದ ಈ ನೆಲದಲ್ಲಿ ಭಾಷೆಗಳು ನೆರೆಹೊರೆಯವರಂತೆ ಬಾಳಿವೆ.

ಹಳೆಯ ಶಾಲೆಯ ಉಪಕರಣಗಳು

ಬಾರಾಮಹಲಿನಲ್ಲಿ ಅನುಭವ ಪಡೆದ ಆ ಮನ್ರೋ ಮುಂದೆ ಮದ್ರಾಸಿನ ಗವರ್ನರನಾದಾಗ, ೧೮೨೨ರ ಜೂನ್ ೨೫ರಂದು, ಪ್ರಾಂತದ ಎಲ್ಲ ಜಿಲ್ಲೆಗಳ ದೇಶೀಯ ಶಾಲೆಗಳ ಲೆಕ್ಕವನ್ನು ಕಳುಹಿಸಬೇಕೆಂದು ಅಪ್ಪಣೆಮಾಡಿದನು. ಸೇಲಂ ಮೊದಲಾದ ಜಿಲ್ಲೆಗಳ ಕಲೆಕ್ಟರುಗಳು ವರದಿಗಳನ್ನು ಕಳುಹಿಸಿದರು. ಒಟ್ಟು ೧೨,೪೯೮ ಶಾಲೆಗಳಿದ್ದುವೆಂದು ಮನ್ರೋ ೧೮೨೬ರಲ್ಲಿ ದಾಖಲೆಮಾಡಿದನು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ೧೯೮೩ರಲ್ಲಿ, ಧರ್ಮಪಾಲರು ಈ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದುದರಿಂದ ಅವು ಸಾಮಾನ್ಯ ವಾಚಕರಿಗೂ ಲಭ್ಯವಾದುವು.

ಇವುಗಳಲ್ಲಿ ಕನ್ನಡ ಶಾಲೆಯ ಒಳಗಣ ಚಿತ್ರವನ್ನು ವಿವರವಾಗಿ ಕೊಡುವುದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ರ ಆಗಸ್ಟಿನಲ್ಲಿ ಬರೆದ ವರದಿ. ಅವನ ಜಿಲ್ಲೆಯ ೫೩೩ ಶಾಲೆಗಳಲ್ಲಿ ೨೩೫ ಕನ್ನಡ ಶಾಲೆಗಳು, ೨೨೬ ತೆಲುಗು ಶಾಲೆಗಳು. ಎಂದರೆ ಅದೂ ನಮ್ಮ ಹೊಸೂರಿನಂತೆ ಎರಡು ನುಡಿಗಳು ಬೆರೆತ ಸೀಮೆಯೇ. ಮಗುವು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದಿತು. ಬಳಿಕ ಹಲಗೆ ಅಥವಾ ಕಡತ. ಹಲಗೆಯೆಂದರೆ ನುಣ್ಣಗೆ ಹೆರೆದು, ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದ ಮರದ ಹಲಗೆ. ಕಡತವೆಂದರೆ ಗಂಜಿಯಲ್ಲಿ ಅದ್ದಿ ಗಡುಸುಮಾಡಿ, ಪುಸ್ತಕದಂತೆ ಮಡಿಕೆಮಾಡಿ, ಇದ್ದಿಲು ಮತ್ತು ಅಂಟುಗಳ ಮಿಶ್ರಣವನ್ನು ಲೇಪಿಸಿದ ಬಟ್ಟೆ. ಎರಡರ ಮೇಲೂ ಬಳಪದಿಂದ ಬರೆಯಬಹುದು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಬರೆಯಬಹುದು. ಶೃಂಗೇರಿ ಮಠದ ಲೆಕ್ಕಪತ್ರಗಳೂ ಇಂಥ ಕಡತಗಳಲ್ಲಿಯೇ ಉಳಿದುಬಂದಿವೆಯೆಂಬುದು ಚರಿತ್ರಕಾರರಿಗೆ ತಿಳಿದ ಸಂಗತಿ.

ಈ ಉಪಕರಣಗಳ ಮಿತವ್ಯಯವನ್ನೂ, ಮುಂದುವರಿದ ಮಕ್ಕಳಿಂದ ಹಿಂದಿನ ಮಕ್ಕಳಿಗೆ ಪಾಠ ಹೇಳಿಸುವ ಪದ್ಧತಿಯನ್ನೂ ಕ್ಯಾಂಬೆಲ್ ಮನಸಾರ ಹೊಗಳಿದನು. ಇಂಗ್ಲೆಂಡು ಅದನ್ನು ಅನುಕರಿಸಿದುದು ಯುಕ್ತವೇ ಎಂದನು. ಆ ಅನುಕರಣವು ಉತ್ಪ್ರೇಕ್ಷೆಯಲ್ಲ. ಮದ್ರಾಸಿನ ಎಗ್ಮೋರಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು, ತನ್ನ ಶಾಲೆಯಲ್ಲಿ ಅದನ್ನು ಆಚರಣೆಗೆ ತಂದು, ೧೭೯೭ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದನು. ಅದೇ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಿಂದ ಯೂರೋಪಿನಲ್ಲೆಲ್ಲ ಹಬ್ಬಿತು. ನಮ್ಮ ಜಗಲಿಯ ಮರಳು ಜಗತ್ತಿಗೆ ಪಾಠ ಹೇಳಿತೆಂದರೆ ಅತಿಶಯೋಕ್ತಿಯಾಗಲಾರದು.

ಆದರೆ ಕ್ಯಾಂಬೆಲ್ ಒಂದು ಕೊರತೆಯನ್ನೂ ಎತ್ತಿ ತೋರಿಸಿದನು. ಬರೆಯುವ ಸಾಧನ ಸುಲಭ, ಓದುವ ಗ್ರಂಥ ದುರ್ಲಭ. ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದ ಕಾವ್ಯಗಳ ಭಾಷೆಗೂ ಮಗುವಿನ ಮಾತಿಗೂ ಬಹಳ ಅಂತರವಿದ್ದುದರಿಂದ, ಮಕ್ಕಳು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುತ್ತಿದ್ದರು. ಈ ಎರಡು ಮಾತುಗಳನ್ನೂ, ಎಂದರೆ ಕಡತದ ಗುಣವನ್ನೂ ಗ್ರಂಥದ ಕೊರತೆಯನ್ನೂ, ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದಿನ ಇನ್ನೂರು ವರ್ಷಗಳ ಕಥೆಯು ಇವೆರಡರ ಸುತ್ತಲೇ ತಿರುಗುತ್ತದೆ.

ಅಚ್ಚಿನ ಕಾಲ: ಸಂಖ್ಯೆಯ ಪ್ರಶ್ನೆ

ಗ್ರಂಥದ ಕೊರತೆಯನ್ನು ತೀರಿಸಿದುದು ಅಚ್ಚಿನ ಯಂತ್ರ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ಸ್ಥಾಪಿಸಿದರು. ಶಾಲಾಪುಸ್ತಕಗಳು ಅಚ್ಚಾಗಿ ಬರತೊಡಗಿದುವು. ೧೮೯೪ರಲ್ಲಿ ಕಿಟ್ಟೆಲರ ಮಹಾನಿಘಂಟು ಅದೇ ಮುದ್ರಣಾಲಯದಿಂದ ಹೊರಬಂದಿತು. ಮುಂದೆ ಪಂಜೆ ಮಂಗೇಶರಾಯರಂಥ ಮಹನೀಯರು, ತಾವೇ ಉಪಾಧ್ಯಾಯರೂ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದುದರಿಂದ, ಮಗುವಿನ ನಾಲಗೆಗೆ ಒಗ್ಗುವ ಕನ್ನಡದಲ್ಲಿ ಮಕ್ಕಳಿಗಾಗಿ ಕಥೆಗಳನ್ನೂ ಪದ್ಯಗಳನ್ನೂ ರಚಿಸಿದರು. ಗಿಳಿಪಾಠದ ಬಗ್ಗೆ ಕ್ಯಾಂಬೆಲ್ ಹೇಳಿದ್ದ ದೂರಿಗೆ ಪಂಜೆಯವರ ಬರಹವೇ ತಕ್ಕ ಉತ್ತರವೆನ್ನಬಹುದು.

ಆ ಕಾಲದ ಮದ್ರಾಸು ಪ್ರಾಂತದಲ್ಲಿ ಕನ್ನಡ ಮಕ್ಕಳು ಅಲ್ಪಸಂಖ್ಯಾತರಾಗಿದ್ದರೂ ಅಲ್ಪರಾಗಿರಲಿಲ್ಲ. ದಕ್ಷಿಣ ಕನ್ನಡ ಜಿಲ್ಲೆ, ಬಳ್ಳಾರಿ ಜಿಲ್ಲೆ, ಕೊಯಮತ್ತೂರಿಗೆ ಸೇರಿದ್ದ ಕೊಳ್ಳೇಗಾಲ ತಾಲ್ಲೂಕು, ಇವೆಲ್ಲ ಅದೇ ಸರಕಾರದ ಅಧೀನದಲ್ಲಿದ್ದುವು. ಮಂಗಳೂರಿನ ಹುಡುಗನಿಗೆಂದು ಅಚ್ಚಾದ ಪುಸ್ತಕವು ಹೊಸೂರಿನ ಹುಡುಗನಿಗೂ ಒದಗಬಲ್ಲದಾಗಿದ್ದಿತು. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ೧೯೫೬ರ ನವೆಂಬರ್ ೧ರಂದು ದಕ್ಷಿಣ ಕನ್ನಡವೂ ಕೊಳ್ಳೇಗಾಲವೂ ಸೇರಿದುವು. ಕನ್ನಡಿಗರೆಲ್ಲರೂ ಸಂತೋಷಪಟ್ಟ ದಿನವದು; ನಾವೂ ಸಂತೋಷಪಟ್ಟೆವು. ಆದರೆ ಆ ದಿನದಿಂದ ಮದ್ರಾಸು ರಾಜ್ಯದ ಕನ್ನಡ ಪಠ್ಯಪುಸ್ತಕವು ತನ್ನ ಓದುಗರಲ್ಲಿ ಬಹುಪಾಲನ್ನು ಕಳೆದುಕೊಂಡಿತು. ಉಳಿದವರು ಹೊಸೂರು, ತಾಳವಾಡಿ, ನೀಲಗಿರಿ ಮೊದಲಾದ ಅಂಚಿನ ನೆಲಗಳ ಮಕ್ಕಳು.

ಅಚ್ಚಿನ ಅರ್ಥಶಾಸ್ತ್ರ ಕಠೋರವಾದುದು. ಒಂದು ಪುಟದ ಮೊಳೆಗಳನ್ನು ಜೋಡಿಸುವ ಶ್ರಮವು ನೂರು ಪ್ರತಿಗಳಿಗೂ ಹತ್ತು ಸಾವಿರ ಪ್ರತಿಗಳಿಗೂ ಒಂದೇ. ಹತ್ತು ಸಾವಿರ ಪ್ರತಿಗಳಾದರೆ ಆ ವೆಚ್ಚ ಹಂಚಿಹೋಗುತ್ತದೆ. ನೂರೇ ಆದರೆ ಪ್ರತಿಯೊಂದರ ತಲೆಯ ಮೇಲೂ ಹೊರೆಯಾಗಿ ಕೂರುತ್ತದೆ. ಆದುದರಿಂದ ಸಣ್ಣ ಸಮುದಾಯದ ಪುಸ್ತಕವು ದುಬಾರಿಯಾಗುವುದಕ್ಕೂ ತಡವಾಗುವುದಕ್ಕೂ ಯಾರ ದುರುದ್ದೇಶವೂ ಬೇಕಾಗಿಲ್ಲ. ಮೊಳೆ ಜೋಡಿಸುವವನ ಲೆಕ್ಕವೊಂದೇ ಸಾಕು. ಪಾಠಪುಸ್ತಕಕ್ಕೇ ಈ ಗತಿಯಾದರೆ ಕಥೆಪುಸ್ತಕ, ಭೂಪಟ, ವಿಜ್ಞಾನದ ಚಿತ್ರಪಟ, ಉಪಾಧ್ಯಾಯರ ಕೈಪಿಡಿಗಳನ್ನು ಕುರಿತು ಹೇಳುವುದೇನು?

ಕಾನೂನು ಹಕ್ಕನ್ನು ಕೊಟ್ಟಿತು. ಸಂವಿಧಾನದ ಏಳನೆಯ ತಿದ್ದುಪಡಿಯ ಮೂಲಕ ೧೯೫೬ರಲ್ಲಿ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಬೋಧಿಸಲು ಸಾಕಷ್ಟು ಸೌಲಭ್ಯಗಳನ್ನು ಒದಗಿಸಬೇಕೆಂದು ರಾಜ್ಯಗಳಿಗೆ ವಿಧಿಸುತ್ತದೆ. ತಮಿಳುನಾಡಿನಲ್ಲಿ ೧೯೭೦ರಲ್ಲಿ ಸ್ಥಾಪಿತವಾದ ಪಠ್ಯಪುಸ್ತಕ ಸಂಸ್ಥೆಯು ತಮಿಳು ಮತ್ತು ಇಂಗ್ಲಿಷ್ ಮಾತ್ರವಲ್ಲದೆ ಕನ್ನಡ, ತೆಲುಗು ಮೊದಲಾದ ಅಲ್ಪಸಂಖ್ಯಾತ ಭಾಷೆಗಳಲ್ಲಿಯೂ ಪುಸ್ತಕಗಳನ್ನು ಹೊರತಂದಿರುವುದನ್ನು ಕೃತಜ್ಞತೆಯಿಂದ ನೆನೆಯಬೇಕು. ೨೦೦೬ರ ತಮಿಳು ಕಲಿಕಾ ಅಧಿನಿಯಮವು ಒಂದನೆಯ ತರಗತಿಯಿಂದ ಮೊದಲುಗೊಂಡು ಹಂತಹಂತವಾಗಿ ತಮಿಳನ್ನು ಕಡ್ಡಾಯ ವಿಷಯವನ್ನಾಗಿ ಮಾಡಿತು. ಮೊದಲ ತಂಡದ ಮಕ್ಕಳು ೨೦೧೫-೧೬ರಲ್ಲಿ ಹತ್ತನೆಯ ತರಗತಿಗೆ ಬಂದಾಗ ಅಲ್ಪಸಂಖ್ಯಾತರ ವಿನಾಯಿತಿಯ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ನಾಡಿನ ಭಾಷೆಯನ್ನು ಕಲಿಯುವುದು ಅಲ್ಲಿ ಬಾಳುವವನ ಧರ್ಮ; ಅದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಕನ್ನಡಕ್ಕೆ ಮೀಸಲಾದ ಗಳಿಗೆಗಳು ಕಡಿಮೆಯಾದಂತೆಲ್ಲ, ಆ ಕೆಲವೇ ಗಳಿಗೆಗಳಲ್ಲಿ ಉಪಾಧ್ಯಾಯರ ಕೈಯಲ್ಲಿರುವ ಸಾಮಗ್ರಿ ಎಷ್ಟು ಸತ್ತ್ವಯುತವಾಗಿದೆ ಎಂಬ ಪ್ರಶ್ನೆಯು ಇನ್ನಷ್ಟು ತೀವ್ರವಾಗುತ್ತದೆ.

ಎಲ್ಲೆಯನ್ನರಿಯದ ಅಲೆಗಳು

ಪುಸ್ತಕದ ಗಂಟು ಗಡಿಯಲ್ಲಿ ತಡೆದುನಿಂತರೂ ಗಾಳಿಯ ಅಲೆ ನಿಲ್ಲಲಿಲ್ಲ. ೧೯೫೫ರ ನವೆಂಬರಿನಲ್ಲಿ ಬೆಂಗಳೂರು ಆಕಾಶವಾಣಿ ಆರಂಭವಾಯಿತು. ಬೆಂಗಳೂರಿಗೆ ನಲವತ್ತು ಕಿಲೋಮೀಟರಿನಷ್ಟೇ ದೂರದ ಹೊಸೂರಿಗೆ ಅದರ ಧ್ವನಿ ಬರಲು ಯಾವ ರಾಜ್ಯದ ಅನುಮತಿಯೂ ಬೇಕಿರಲಿಲ್ಲ. ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ತಲಪಿಸಿದ ಪ್ರಯೋಗದಲ್ಲಿ ಕರ್ನಾಟಕವೂ ಒಂದಾಗಿದ್ದು, ಕನ್ನಡದಲ್ಲಿ ಕಾರ್ಯಕ್ರಮಗಳು ತಯಾರಾದುವು. ಆದರೆ ಈ ಎರಡು ಸಾಧನಗಳಿಗೂ ಒಂದು ಮಿತಿಯಿದ್ದಿತು. ಅವು ಹೇಳಿದುದನ್ನು ಕೇಳಬಹುದು. ನಿಲ್ಲಿಸುವಂತಿಲ್ಲ, ತಿದ್ದುವಂತಿಲ್ಲ, ತನ್ನ ತರಗತಿಗೆ ತಕ್ಕಂತೆ ಮಾರ್ಪಡಿಸುವಂತಿಲ್ಲ. ಕಡತದ ಗುಣ ಅವುಗಳಲ್ಲಿರಲಿಲ್ಲ.

ಆ ಗುಣ ಮರಳಿ ಬಂದುದು ಗಣಕಯಂತ್ರದೊಡನೆ. ಅದೂ ತಡೆತಡೆದು ಬಂದಿತು. ಆರಂಭದಲ್ಲಿ ಕನ್ನಡವನ್ನು ಬೆರಳಚ್ಚು ಮಾಡುವುದೇ ಸಾಹಸವಾಗಿದ್ದಿತು. ಕೆ. ಪಿ. ರಾವ್ ಅವರು ಧ್ವನಿಗನುಗುಣವಾದ ಸರಳ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು; ೧೯೯೮ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ವೂ, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಬಂದುವು. ಇವುಗಳ ಉಪಕಾರ ದೊಡ್ಡದು. ಆದರೆ ಅಂದಿನ ಪದ್ಧತಿಯಲ್ಲಿ ಯಂತ್ರವು ಇಂಗ್ಲಿಷ್ ಅಕ್ಷರದ ಸಂಕೇತವನ್ನೇ ಶೇಖರಿಸಿಟ್ಟು ಅದರ ಮೇಲೆ ಕನ್ನಡದ ಆಕಾರವನ್ನು ತೊಡಿಸುತ್ತಿದ್ದಿತು. ಒಂದು ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪಾಠವನ್ನು, ಆ ವಿನ್ಯಾಸವಿಲ್ಲದ ಮತ್ತೊಂದು ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ರಾಶಿ.

ಈ ತೊಡಕನ್ನು ನೀಗಿಸಿದುದು ಯೂನಿಕೋಡ್ ಎಂಬ ಅಂತರರಾಷ್ಟ್ರೀಯ ಸಂಕೇತವ್ಯವಸ್ಥೆ. ೧೯೯೧ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವತಂತ್ರ ಸ್ಥಾನ ದೊರೆತಿದ್ದಿತು. ಆದರೆ ಸಾಮಾನ್ಯ ಯಂತ್ರಗಳು ಅದನ್ನು ಅರಿಯತೊಡಗಿದುದು ಹೊಸ ಶತಮಾನದಲ್ಲಿ. ಯೂನಿಕೋಡಿನಲ್ಲಿ ‘ಕ’ ಎಂಬುದು ಮೈಸೂರಿನಲ್ಲಿಯೂ ‘ಕ’, ದೆಂಕಣಿಕೋಟೆಯಲ್ಲಿಯೂ ‘ಕ’. ಕನ್ನಡಾಕ್ಷರವು ಗಡಿ ದಾಟಿದಾಗಲೂ ತನ್ನ ರೂಪವನ್ನು ಉಳಿಸಿಕೊಳ್ಳಬಲ್ಲುದೆಂಬ ಭರವಸೆ ಸಿಕ್ಕಿದುದು ಆಗಲೇ. ಮೊಳೆ ಜೋಡಿಸುವವನ ಕಠೋರ ಲೆಕ್ಕವೂ ಅರ್ಧಭಾಗ ಕರಗಿತು. ಸಿದ್ಧವಾದ ಪಾಠದ ಪ್ರತಿ ಮಾಡಲು ಈಗ ವೆಚ್ಚವೇ ಇಲ್ಲ; ನೂರು ಮಕ್ಕಳಾದರೇನು, ಹತ್ತೇ ಮಕ್ಕಳಾದರೇನು! ಪಾಠವನ್ನು ಸಿದ್ಧಪಡಿಸುವ ಶ್ರಮ ಮಾತ್ರ ಹಾಗೆಯೇ ಉಳಿಯಿತು.

ಉಚಿತವಾಗಿ ದೊರೆಯುವ ಭಂಡಾರಗಳು

ಇದೇ ಹೊತ್ತಿಗೆ ಜಗತ್ತಿನಲ್ಲಿ ಒಂದು ಹೊಸ ವಿಚಾರ ಹುಟ್ಟಿತು. ೨೦೦೧ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯು ತನ್ನ ಪಾಠಗಳನ್ನು ಲೋಕಕ್ಕೆಲ್ಲ ತೆರೆದಿಡುವೆನೆಂದು ಸಾರಿತು. ೨೦೦೨ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಯುನೆಸ್ಕೋ ಸಭೆಯು ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ವೆಂಬ ಅರ್ಥದ ಹೆಸರನ್ನಿಟ್ಟಿತು. ಅದೇ ವರ್ಷದ ಕೊನೆಯಲ್ಲಿ ಕ್ರಿಯೇಟಿವ್ ಕಾಮನ್ಸ್ ಸಂಸ್ಥೆಯ ಪರವಾನಗಿಗಳು ಹೊರಬಂದುವು. ಕರ್ತೃವಿನ ಹೆಸರನ್ನು ಹೇಳಿ, ಕೃತಿಯನ್ನು ಯಾರು ಬೇಕಾದರೂ ಪ್ರತಿ ಮಾಡಬಹುದು, ಅನುವಾದಿಸಬಹುದು, ತಿದ್ದಬಹುದು ಎಂದು ಕರ್ತೃವೇ ಮುಂಗಡವಾಗಿ ಬರೆದುಕೊಡುವ ಒಪ್ಪಿಗೆಯ ಚೀಟಿಯೆಂದು ಅವುಗಳನ್ನು ವರ್ಣಿಸಬಹುದು.

ಕನ್ನಡವೂ ಹಿಂದೆ ಬೀಳಲಿಲ್ಲ. ೨೦೦೩ರ ಜೂನಿನಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ೨೦೧೩ರ ಹೊತ್ತಿಗೆ ಕರ್ನಾಟಕದ ಶಿಕ್ಷಣ ಇಲಾಖೆಯ ಸಂಶೋಧನ-ತರಬೇತಿ ವಿಭಾಗವೂ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಜೊತೆಗೂಡಿ, ಉಪಾಧ್ಯಾಯರೇ ಬರೆದು ತಿದ್ದಬಹುದಾದ ಮುಕ್ತ ಸಂಪನ್ಮೂಲ ಭಂಡಾರವನ್ನು ಕಟ್ಟಿದುವು. ೨೦೧೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ತನ್ನ ಕನ್ನಡ ವಿಶ್ವಕೋಶವನ್ನು ಮುಕ್ತ ಪರವಾನಗಿಯಲ್ಲಿ ಬಿಡುಗಡೆಮಾಡುವ ಔದಾರ್ಯ ತೋರಿತು. ೨೦೧೫ರ ಸೆಪ್ಟೆಂಬರ್ ೮ರಂದು ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು ‘ಸ್ಟೋರಿವೀವರ್’ ಎಂಬ ಮಕ್ಕಳ ಕಥಾಭಂಡಾರವನ್ನು ತೆರೆಯಿತು. ಅಲ್ಲಿನ ಕಥೆಯನ್ನು ಯಾವ ಉಪಾಧ್ಯಾಯರಾದರೂ ತಮ್ಮ ನುಡಿಗೆ ಅನುವಾದಿಸಿ, ಚಿತ್ರಸಮೇತ ಅಚ್ಚುಹಾಕಿಕೊಳ್ಳಬಹುದು. ೨೦೧೬ರ ಮೇ ತಿಂಗಳಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ಯು ನಿಘಂಟುಗಳನ್ನೂ ಪಠ್ಯಗಳನ್ನೂ ಹೊತ್ತು ಬಂದಿತು. ವಿ. ಕೃಷ್ಣ ಅವರು ನಾಲ್ಕು ದಶಕಗಳ ಕಾಲ ಏಕಾಕಿಯಾಗಿ ರಚಿಸಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ ಎಂಬ ಹೆಸರಿನಿಂದ ೨೦೧೯ರಲ್ಲಿ ಸರ್ವರಿಗೂ ಮುಕ್ತವಾಯಿತು. ಕೊಲರಾಡೋ ವಿಶ್ವವಿದ್ಯಾನಿಲಯದ ‘ಫೆಟ್’ ಯೋಜನೆಯ ವಿಜ್ಞಾನ ಮತ್ತು ಗಣಿತದ ಚಲನಚಿತ್ರಸದೃಶ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿಯೂ ದೊರೆಯುತ್ತವೆ. ಪ್ರಯೋಗಶಾಲೆಯಿಲ್ಲದ ಶಾಲೆಯ ಮಗುವು ವಿದ್ಯುತ್ತಿನ ಮಂಡಲವನ್ನು ತೆರೆಯ ಮೇಲೆ ತಾನೇ ಜೋಡಿಸಿ ದೀಪವನ್ನು ಹೊತ್ತಿಸಬಲ್ಲುದು.

ಇವುಗಳಲ್ಲಿ ಹಲವನ್ನು ಒಮ್ಮೆ ಇಳಿಸಿಕೊಂಡರೆ ಮತ್ತೆ ಅಂತರ್ಜಾಲದ ಅವಶ್ಯಕತೆಯಿಲ್ಲ. ‘ಕಿವಿಕ್ಸ್’ ಎಂಬ ಉಚಿತ ಸಾಧನದಿಂದ ವಿಕಿಪೀಡಿಯವನ್ನೇ ಒಂದು ಸಣ್ಣ ಸ್ಮರಣಫಲಕದಲ್ಲಿ ತುಂಬಿಕೊಂಡು ಹೋಗಬಹುದು. ಅಂಚೆಟ್ಟಿಯ ಕಾಡಂಚಿನಲ್ಲಿ ಸಂಕೇತ ಸಿಕ್ಕದೆ ತೊಳಲುವವರಿಗೆ ಇದು ಸಣ್ಣ ಸಹಾಯವಲ್ಲ.

ಎರಡು ಬುತ್ತಿಗಳ ನಡುವೆ

ಇಷ್ಟೆಲ್ಲ ಇರುವಾಗ ಕೊರತೆಯೇನು ಎಂದು ವಾಚಕರು ಕೇಳಬಹುದು. ಉತ್ತರವನ್ನು ೨೦೨೦ರ ವರ್ಷ ಕೊಟ್ಟಿತು. ಆ ವರ್ಷದ ಮಾರ್ಚಿಯಲ್ಲಿ ಮಹಾಮಾರಿಯ ಕಾರಣದಿಂದ ಶಾಲೆಗಳು ಮುಚ್ಚಿದುವು. ತಮಿಳುನಾಡಿನಲ್ಲಿ ಒಂದರಿಂದ ಎಂಟರವರೆಗಿನ ತರಗತಿಗಳು ಮತ್ತೆ ತೆರೆದುದು ೨೦೨೧ರ ನವೆಂಬರ್ ೧ರಂದು. ಅಲ್ಲಿಯವರೆಗೆ ಮಕ್ಕಳಿಗೆ ಗತಿ ತೆರೆಯ ಪಾಠಗಳೇ. ತಮಿಳುನಾಡು ಸರಕಾರವು ೨೦೧೯ರಲ್ಲಿಯೇ ಆರಂಭಿಸಿದ್ದ ‘ಕಲ್ವಿ’ ದೂರದರ್ಶನವು ಅಲ್ಲಿನ ಪಠ್ಯಕ್ರಮವನ್ನು ಶ್ರದ್ಧೆಯಿಂದ ಬೋಧಿಸಿತು. ಅದು ಮುಖ್ಯವಾಗಿ ತಮಿಳಿನಲ್ಲಿ. ಕರ್ನಾಟಕವು ೨೦೨೦ರ ಜುಲೈಯಿಂದ ಚಂದನವಾಹಿನಿಯಲ್ಲಿ ‘ಸಂವೇದ’ ಪಾಠಗಳನ್ನು ಆರಂಭಿಸಿತು. ಅದು ಕನ್ನಡದಲ್ಲಿ, ಆದರೆ ಕರ್ನಾಟಕದ ಪಠ್ಯಕ್ರಮದಂತೆ. ಹೊಸೂರಿನ ಕನ್ನಡ ಮಾಧ್ಯಮದ ಮಗುವಿನ ಮುಂದೆ ಎರಡು ಬುತ್ತಿಗಳಿದ್ದುವು. ಒಂದರಲ್ಲಿ ತನ್ನ ಪಾಠ, ಪರರ ನುಡಿ. ಇನ್ನೊಂದರಲ್ಲಿ ತನ್ನ ನುಡಿ, ಪರರ ಪಾಠ. ಎರಡೂ ಉಚಿತ, ಎರಡರಿಂದಲೂ ಹೊಟ್ಟೆ ತುಂಬಲಿಲ್ಲ.

ಪುಸ್ತಕದೊಳಗಣ ಕ್ಯೂಆರ್ ಚೌಕಗಳ ಕಥೆಯೂ ಇದಕ್ಕೆ ಭಿನ್ನವಲ್ಲ. ೨೦೧೭ರ ಸೆಪ್ಟೆಂಬರ್ ೫ರಂದು ಕೇಂದ್ರ ಸರಕಾರವು ‘ದೀಕ್ಷಾ’ ಎಂಬ ರಾಷ್ಟ್ರೀಯ ವೇದಿಕೆಯನ್ನು ಉದ್ಘಾಟಿಸಿತು. ೨೦೧೮ರಿಂದ ತಮಿಳುನಾಡಿನ ಹೊಸ ಪುಸ್ತಕಗಳಲ್ಲಿ ಈ ಚೌಕಗಳು ಅಚ್ಚಾದುವು. ದೂರವಾಣಿಯನ್ನು ಹಿಡಿದರೆ ಪಾಠದ ದೃಶ್ಯ ತೆರೆಯುತ್ತದೆ. ಆ ದೃಶ್ಯದ ನುಡಿ ಬಹುಮಟ್ಟಿಗೆ ತಮಿಳು ಅಥವಾ ಇಂಗ್ಲಿಷ್.

ಇಲ್ಲಿಯೇ ‘ಉಚಿತ’ ಮತ್ತು ‘ಮುಕ್ತ’ ಎಂಬ ಎರಡು ಶಬ್ದಗಳ ವ್ಯತ್ಯಾಸವನ್ನು ಗಮನಿಸಬೇಕು. ದಾನಿಯೊಬ್ಬನು ಹೊಲಿಸಿಕೊಟ್ಟ ಅಂಗಿ ಉಚಿತವೇ. ಆದರೆ ಕತ್ತರಿ ಹಾಕಬಾರದೆಂದು ಅವನು ಹೇಳಿದರೆ, ಅಳತೆ ಹೊಂದದ ಮಗುವಿಗೆ ಅದರಿಂದ ಪ್ರಯೋಜನವಿಲ್ಲ. ಬಹುಸಂಖ್ಯಾತರ ಶಾಲೆಗೆ ಉಚಿತವಾದುದು ಸಾಕು, ಏಕೆಂದರೆ ಅಂಗಿಯನ್ನು ಹೊಲಿದುದೇ ಅವರ ಅಳತೆಗೆ. ಗಡಿನಾಡಿನ ಶಾಲೆಗಾದರೋ ಮುಕ್ತವಾದುದೇ ಬೇಕು. ಕತ್ತರಿಸಿ, ಹೊಲಿದು, ತನ್ನ ಅಳತೆಗೆ ತಂದುಕೊಳ್ಳುವ ಅಧಿಕಾರ ಬೇಕು. ಈ ಲೇಖನದ ಸಾರವಿಷ್ಟೇ.

ಆ ಅಧಿಕಾರ ಈಗಾಗಲೇ ಎಷ್ಟೋ ಮಟ್ಟಿಗೆ ನಮ್ಮ ಕೈಯಲ್ಲಿದೆ. ನಮ್ಮ ದೇಶದ ಕಾನೂನಿನಂತೆ ಕರ್ತೃವು ತೀರಿಕೊಂಡು ಅರುವತ್ತು ವರ್ಷಗಳಾದ ಮೇಲೆ ಅವನ ಪ್ರಕಟಿತ ಕೃತಿ ಸರ್ವರ ಸ್ವತ್ತಾಗುತ್ತದೆ. ೧೯೩೭ರಲ್ಲಿ ದಿವಂಗತರಾದ ಪಂಜೆಯವರ ಕಥೆ-ಪದ್ಯಗಳು ಈಗಾಗಲೇ ಮುಕ್ತವಾಗಿವೆ. ಅಂದು ಮದ್ರಾಸು ಪ್ರಾಂತದ ಮಕ್ಕಳಿಗಾಗಿ ಬರೆದವರು, ಇಂದು ಆ ಪ್ರಾಂತದ ಉಳಿದ ಕನ್ನಡ ಮಕ್ಕಳಿಗೆ ಮತ್ತೆ ಒದಗಬಲ್ಲರು. ಸ್ಟೋರಿವೀವರಿನ ತಮಿಳು ಕಥೆಯೊಂದನ್ನು ಎರಡು ಭಾಷೆಗಳನ್ನೂ ಬಲ್ಲ ನಮ್ಮ ಉಪಾಧ್ಯಾಯರು ಒಂದು ಸಂಜೆಯಲ್ಲಿ ಕನ್ನಡಕ್ಕೆ ತರಬಲ್ಲರು. ವಿಶ್ವಕೋಶದ ಲೇಖನವೊಂದನ್ನು ಐದನೆಯ ತರಗತಿಗೆ ತಕ್ಕಂತೆ ಸಂಗ್ರಹಿಸಿ, ತಮಿಳುನಾಡಿನ ಪಠ್ಯಕ್ರಮದ ಅಧ್ಯಾಯಕ್ಕೆ ಹೊಂದಿಸಬಲ್ಲರು.

ಯಂತ್ರಗಳೂ ಈಗ ಅನುವಾದಕ್ಕೆ ನೆರವಾಗುತ್ತವೆ. ಮದ್ರಾಸಿನ ಐ.ಐ.ಟಿ.ಯ ‘ಎಐ ಫಾರ್ ಭಾರತ್’ ಬಳಗವು ೨೦೨೩ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಯ ೨೨ ಭಾಷೆಗಳ ನಡುವೆ ಅನುವಾದಿಸುವ ಸಾಧನವನ್ನು ಮುಕ್ತವಾಗಿ ಬಿಡುಗಡೆಮಾಡಿತು. ಆದರೆ ಯಂತ್ರವು ಕರಡನ್ನು ಕೊಡಬಲ್ಲುದೇ ಹೊರತು ಹೊಣೆಯನ್ನು ಹೊರಲಾರದು. ತಮಿಳಿನ ‘ಅವಕಾಶ’ಕ್ಕೆ ಬಿಡುವು, ಕಾಲಾವಧಿ ಎಂದರ್ಥ, ನಮ್ಮ ‘ಅವಕಾಶ’ಕ್ಕೆ ಬೇರೆ ಅರ್ಥ. ತಮಿಳಿನಲ್ಲಿ ‘ಸಂಸಾರ’ವೆಂದರೆ ಹೆಂಡತಿಯೂ ಹೌದು. ಇಂಥ ಮಾತುಗಳು ಒಂದೇ ವೇಷದಲ್ಲಿ ಬರುವ ಇಬ್ಬರು ಬೇರೆ ನೆಂಟರಂತೆ. ಅವರನ್ನು ಗುರುತಿಸಬಲ್ಲವರು ಇಬ್ಬರ ಮನೆಯಲ್ಲಿಯೂ ಉಂಡವರು ಮಾತ್ರ. ಆ ಭಾಗ್ಯ ಗಡಿನಾಡಿನ ಉಪಾಧ್ಯಾಯರದು. ಬೆಂಗಳೂರಿನಲ್ಲಿ ಕುಳಿತವರಿಗೆ ನಮ್ಮ ಪಠ್ಯಕ್ರಮ ತಿಳಿಯದು. ಚೆನ್ನೈಯಲ್ಲಿ ಕುಳಿತವರಿಗೆ ನಮ್ಮ ನುಡಿ ತಿಳಿಯದು. ಎರಡನ್ನೂ ಬಲ್ಲವರು ಹೊಸೂರಿನ ಶಾಲೆಯಲ್ಲಿದ್ದಾರೆ. ಇದುವರೆಗೆ ಕೊರತೆಯೆಂದು ಎಣಿಸಿದ್ದ ಎರಡು ನುಡಿಗಳ ನಡುವಣ ಬಾಳು ಈಗ ಯೋಗ್ಯತೆಯಾಗಿ ಪರಿಣಮಿಸಿದೆ.

ಆದುದರಿಂದ ಕನ್ನಡ ಸಂಘಗಳು ವರ್ಷಕ್ಕೊಂದು ಉತ್ಸವವನ್ನು ಆಚರಿಸುವುದರ ಜೊತೆಗೆ, ಐದಾರು ಮಂದಿ ಉಪಾಧ್ಯಾಯರನ್ನು ಒಂದೆಡೆ ಕಲೆಹಾಕಿ, ವರ್ಷಕ್ಕೆ ಹತ್ತು ಪಾಠಗಳಿಗಾದರೂ ಕನ್ನಡದ ಪೂರಕ ಸಾಮಗ್ರಿಯನ್ನು ಸಿದ್ಧಪಡಿಸಿ, ಮುಕ್ತ ಪರವಾನಗಿಯಲ್ಲಿ ತೆರೆದಿಡುವುದಾದರೆ ಅದು ಸ್ಮರಣಸಂಚಿಕೆಗಿಂತಲೂ ಹೆಚ್ಚು ಕಾಲ ಸ್ಮರಣೆಯಲ್ಲಿ ಉಳಿದೀತು. ಹೊಸೂರಿನವರು ಮಾಡಿದುದು ತಾಳವಾಡಿಗೂ ನೀಲಗಿರಿಗೂ ಕಾಸಿಲ್ಲದೆ ತಲಪುತ್ತದೆ; ೧೯೫೬ರಲ್ಲಿ ಚದರಿಹೋದ ಓದುಗರ ಬಳಗ ಮತ್ತೆ ಒಂದಾಗುತ್ತದೆ. ಮಕ್ಕಳಿಲ್ಲದೆ ಶಾಲೆಯ ಬಾಗಿಲು ಮುಚ್ಚಿದ ಮೇಲೆ ಎಂಥ ಭಂಡಾರವಿದ್ದರೂ ಪ್ರಯೋಜನವಿಲ್ಲವೆಂಬುದನ್ನು ನೆನೆದು, ಈ ಕೆಲಸವನ್ನು ನಾಳೆಗೆ ಹಾಕದಿರುವುದು ಮೇಲು.

ಕೊನೆಗೊಂದು ಮಾತು. ಇದ್ದಿಲು ಬಳಿದ ಬಟ್ಟೆಯ ‘ಕಡತ’ವು ಕಾಲಕ್ರಮದಲ್ಲಿ ಕಚೇರಿಯ ಕಾಗದಪತ್ರಗಳ ಕಟ್ಟಿಗೆ ಹೆಸರಾಯಿತು; ಇಂದು ಗಣಕಯಂತ್ರದೊಳಗೆ ಶೇಖರಿಸಿಟ್ಟ ಬರಹಕ್ಕೂ ಕನ್ನಡಿಗರು ಅದೇ ಹೆಸರನ್ನಿಟ್ಟಿದ್ದಾರೆ. ಈ ನಾಮಕರಣ ಮಾಡಿದವರಿಗೆ ಹಳೆಯ ಶಾಲೆಯ ನೆನಪಿದ್ದಿತೋ ಇಲ್ಲವೋ, ಮಾತು ಮಾತ್ರ ತನ್ನ ಮನೆಗೆ ಮರಳಿದೆ. ಅಂದಿನ ಕಡತದಂತೆ ಇಂದಿನದನ್ನೂ ಒರೆಸಬಹುದು, ತಿದ್ದಬಹುದು, ಮತ್ತೆ ಬರೆಯಬಹುದು. ಅಂದು ಇಲ್ಲದಿದ್ದ ಗ್ರಂಥಭಂಡಾರವೂ ಇಂದು ಅದರೊಳಗೇ ಇದೆ. ಬಳಪ ಹಿಡಿಯುವ ಕೈ ಮಾತ್ರ ಅಂದಿನಂತೆ ಇಂದೂ ಉಪಾಧ್ಯಾಯರದೇ ಆಗಬೇಕು. ಆ ಕೈಗಳಿಗೆ ಬಲವುಂಟಾಗಲಿ ಎಂದು ಹಾರೈಸಿ ಈ ಬರಹವನ್ನು ಮುಗಿಸುತ್ತೇನೆ.